ಜ್ವರಕ್ಕೆ ಕೂತವಳು

ಆವನಿ
14 ಜುಲೈ 2024, ಭಾನುವಾರ

ಧನಶ್ರೀಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ವಾಡಿಕೆ. ಹಾಗೆ ಬರೆದರೆ ಸುಳ್ಳಾಗುತ್ತದೆ. ಹಿಪ್ಪುನೇರಳೆ ತೋಟ ಕ್ಷೇಮವಾಗಿದೆ, ನಿನ್ನ ಮಾವನ ಬೀಡಿ ಕ್ಷೇಮವಾಗಿದೆ. ಉಳಿದವರದು ಹೇಗೋ ನಡೆಯುತ್ತಿದೆ.

ಫೋನ್ ಮಾಡಿದರೆ ನೀನು "ಚೆನ್ನಾಗಿದೀನಿ ಅತ್ತೆ" ಅಂದು ಇಟ್ಟುಬಿಡುತ್ತೀಯ. ಚೆನ್ನಾಗಿಲ್ಲ ಅಂತ ಆ ದನಿ ಕೇಳಿದರೆ ನಮ್ಮ ಮೇಕೆಗೂ ಗೊತ್ತಾಗುತ್ತದೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸು ಮುಗಿಸಿದ ಮೇಲೆ ಸಂಘದಲ್ಲಿ ಸಹಿ ಹಾಕಿದ್ದು ಬಿಟ್ಟರೆ ನಾನು ಪೆನ್ನು ಹಿಡಿದವಳಲ್ಲ. ತಪ್ಪಿದ್ದರೆ ನಗಬೇಡ. ಬೇಡ, ನಕ್ಕುಬಿಡು, ನೀನು ನಕ್ಕು ಬಹಳ ದಿನವಾಯಿತು. ಹೇಗೂ ನಿನ್ನ ಗಂಡ ಭಾನುವಾರ ರಜೆಯಲ್ಲಿ ನಿನ್ನ ನೋಡಲು ಶ್ರೀನಿವಾಸಪುರಕ್ಕೆ ಬರುತ್ತಾನಲ್ಲ, ಅವನನ್ನೇ ಪೋಸ್ಟ್‌ಮ್ಯಾನ್ ಮಾಡಿದ್ದೇನೆ.

ನಿಮ್ಮಮ್ಮ ಭಾರತಮ್ಮನ ಜೊತೆ ಸೇರಿ ನಿನ್ನನ್ನು ಕೋಲಾರದ ಆಸ್ಪತ್ರೆಗೆ ತೋರಿಸಿಕೊಂಡು ಬಂದ ದಿನ ಮುನೇಶ ಮನೆಗೆ ಬಂದವನೇ "ಅಮ್ಮಾ, ಧನಶ್ರೀಗೆ ಖಿನ್ನತೆ ಅಂತೆ" ಅಂದ. ನನಗೆ 'ಚಿನ್ನತ್ತೆ' ಅಂತ ಕೇಳಿಸಿತು. ತೆಲುಗು ಆಡುವ ಮನೆಯಲ್ಲಿ ಹುಟ್ಟಿದವಳಿಗೆ ಇನ್ನೇನು ಕೇಳಿಸಬೇಕು? ಯಾರೋ ಚಿಕ್ಕ ಸೋದರತ್ತೆ ಬಂದು ನಿನಗೆ ತೊಂದರೆ ಕೊಡುತ್ತಿದ್ದಾಳೆ ಅಂದುಕೊಂಡು "ಯಾವ ಚಿನ್ನತ್ತೆನೋ ಅದು? ಭಾರತಮ್ಮಂಗೆ ನಾದ್ನೀನೇ ಇಲ್ವಲ್ಲೋ" ಅಂದೆ. ಅವನು ತಲೆ ಚಚ್ಚಿಕೊಂಡ. ಆಮೇಲೆ ಬಿಡಿಸಿ ಹೇಳಿದ, ಮನಸ್ಸಿಗೆ ಬರುವ ಕಾಯಿಲೆ, ಮಾತ್ರೆ ಇದೆ, ಮಾತಾಡಿಸಿ ವಾಸಿ ಮಾಡುವ ಮೇಡಂ ಇದ್ದಾರೆ ಅಂತ. ಮಾತಾಡಿಸಿ ಹೇಗೆ ವಾಸಿ ಮಾಡುತ್ತಾರೋ ನನಗೆ ಅರ್ಥವಾಗಿಲ್ಲ.

ಆಷಾಢಕ್ಕೆ ತವರಿಗೆ ಹೋಗಿದ್ದಾಳೆ ಎಂದು ಬೀದಿಯವರಿಗೆಲ್ಲ ಹೇಳಿದ್ದೇನೆ. ಮದುವೆಯಾಗಿ ಮೂರು ವರ್ಷವಾದವಳಿಗೆ ಯಾವ ಆಷಾಢ ಅಂತ ನನ್ನ ತಂಗಿ ಚಿಕ್ಕಗಂಗಮ್ಮ ಕೇಳಿದಳು. "ನಮ್ಮನೇಲಿ ವರ್ಷಾ ವರ್ಷಾ ಕಳಿಸ್ತೀವಿ ಕಣೇ, ನಿಂಗೇನು ಕಷ್ಟ" ಅಂದೆ. ಅವಳು ನಂಬಲಿಲ್ಲ. ಆಷಾಢ ಮುಗಿದ ಮೇಲೆ ಏನು ಹೇಳಲಿ? ಯಾವಾಗ ಬರುತ್ತೀಯ?

ನಿನ್ನ ಅತ್ತೆ,
ದೊಡ್ಡಗಂಗಮ್ಮ

*

ಆವನಿ
28 ಜುಲೈ 2024

ಧನಶ್ರೀಗೆ,

ಮುನೇಶ ಖಾಲಿ ಕೈಯಲ್ಲಿ ಬಂದ, ಹೋದ ವಾರವೂ ಖಾಲಿ ಕೈ. ಓದಿದಳಾ ಅಂದರೆ ಓದಿದಳು ಅಂದ. ಏನಂದಳು ಅಂದರೆ ಏನೂ ಅನ್ನಲಿಲ್ಲ ಅಂದ. ಇವನ ಬಾಯಿಂದ ಸಮಾಚಾರ ತೆಗೆಯುವುದು ಒಣಗಿದ ನಿಂಬೆಹಣ್ಣು ಹಿಂಡಿದ ಹಾಗೆ.

ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟು ಅಂತ ಬರೆ. ಬೈದಾದರೂ ಬರೆ. ನೀನು ಮಲಗಿದ್ದಷ್ಟು ದಿನ ನಾನು ಒಂದು ಕೆಲಸ ಹೇಳಿದೆನಾ? ಏಳು ಅಂತ ಗದರಿದೆನಾ? ಈ ಊರಲ್ಲಿ ಯಾವ ಅತ್ತೆ ಹಾಗೆ ನೋಡಿಕೊಂಡಿದ್ದಾಳೆ ತೋರಿಸು. ಆದರೂ ಒಂದು ಮಾತು ಹೇಳದೆ ನಿಮ್ಮಮ್ಮನನ್ನು ಕರೆಸಿಕೊಂಡು ಹೊರಟುಬಿಟ್ಟೆ.

ಕೋಪ ಬರುತ್ತಿದೆ, ಅಳುವೂ ಬರುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ದೊಡ್ಡಗಂಗಮ್ಮ

*

ಶ್ರೀನಿವಾಸಪುರ
4 ಆಗಸ್ಟ್ 2024

ಅತ್ತೆಗೆ ನಮಸ್ಕಾರ.

ಬೈದಾದರೂ ಬರೆ ಅಂದಿರಿ. ಬರೆಯುತ್ತಿದ್ದೇನೆ. ಇಷ್ಟು ಬರೆಯಲು ಒಂದು ವಾರ ಹಿಡಿಯಿತು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ನಾನು ಯಾಕೆ ಮಲಗಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಯಾರೂ ಏನೂ ಅಂದಿರಲಿಲ್ಲ. ಮಕ್ಕಳಾಗಲಿಲ್ಲ ಎಂಬ ಕೊರಗು ಎಂದು ಬೀದಿಯಲ್ಲಿ ಮಾತಾಡಿಕೊಂಡರು, ಅದೂ ಇರಲಿಲ್ಲ. ತಲೆ ಬಾಚಲು ಕೈ ಎತ್ತುವುದೇ ಬೆಟ್ಟ ಹತ್ತಿದಷ್ಟು ಆಗಿತ್ತು. ಹೊಲಿಗೆ ಮಿಷನ್ನಿನ ಮೇಲೆ ಅರ್ಧ ಹೊಲಿದ ಜಾಕೆಟ್ಟು ಹಾಗೇ ಬಿದ್ದಿತ್ತು. ಅದನ್ನು ನೋಡಿದರೆ ಅಳು ಬರುತ್ತಿತ್ತು. ಒಂದು ಜಾಕೆಟ್ಟಿಗೆ ಯಾರಾದರೂ ಅಳುತ್ತಾರಾ?

ಮೊದಮೊದಲು ನೀವು ಬಾಗಿಲಿಗೆ ಬಂದು ನೋಡುತ್ತಿದ್ದಿರಿ. ಆಮೇಲೆ ಒಂದು ಬೆಳಗ್ಗೆ ನಡುಮನೆಯಲ್ಲಿ ನೀವು ಹೇಳಿದ್ದು ನನಗೆ ಕೇಳಿಸಿತು. "ಆ ರೂಮಿನ ಕಡೆ ಯಾರೂ ಹೋಗ್ಬೇಡಿ. ಮುಟ್ಟಬೇಡಿ, ಮಾತಾಡಿಸ್ಬೇಡಿ." ಅವತ್ತಿನಿಂದ ಯಾರೂ ಬರಲಿಲ್ಲ. ಒಂದು ಬೆಳೆಯ ರೇಷ್ಮೆಹುಳ ಮನೆಗೆ ಬಂದು, ಬೆಳೆದು, ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋದವು. ಅಷ್ಟು ದಿನವೂ ಆ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆದವರಿಲ್ಲ. ನೀವು ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಸದ್ದಾಗದಂತೆ ಹೋಗುತ್ತಿದ್ದಿರಿ. ನಿಮ್ಮ ಮಗನೂ ಕಂಪನಿಯಿಂದ ಬಂದು ನಡುಮನೆಯಲ್ಲೇ ಮಲಗಿದರು.

ನನ್ನನ್ನು ಕಂಡರೆ ಎಲ್ಲರಿಗೂ ಅಸಹ್ಯವಾಗಿದೆ ಅಂದುಕೊಂಡೆ. ಬೈಯಲೂ ಯೋಗ್ಯತೆ ಇಲ್ಲದವಳು ಅಂದುಕೊಂಡೆ. ಅದಕ್ಕೇ ಅಮ್ಮನಿಗೆ ಫೋನ್ ಮಾಡಿದ್ದು. ನೀವು ಒಂದು ಸಲ ಕೈ ಹಿಡಿದು ಎಳೆದು ಬೈದಿದ್ದರೂ ಚೆನ್ನಾಗಿತ್ತು ಅತ್ತೆ.

ಇಂತಿ,
ಧನಶ್ರೀ

*

ಆವನಿ
11 ಆಗಸ್ಟ್ 2024

ಧನಶ್ರೀ,

ನಿನ್ನ ಕಾಗದವನ್ನು ಹುಳುಮನೆಯಲ್ಲಿ ನಿಂತು ಓದಿದೆ. ನಿನ್ನ ಮಾವ ಬಂದು "ಯಾಕ್ ಅಳ್ತಿದೀಯ" ಅಂದರು. ಸುಣ್ಣದ ಪುಡಿ ಕಣ್ಣಿಗೆ ಬಿತ್ತು ಅಂದೆ. ಅವರು ಊದಲು ಬಂದರು, ಪಾಪ.

ನೀನು ಮಾವಿನ ತೋಪಿನ ಕಡೆಯವಳು. ನಮ್ಮನೆಗೆ ಬಂದು ಸೊಪ್ಪು ಕೊಯ್ದೆ, ಹುಳಕ್ಕೆ ಹಾಕಿದೆ, ಆದರೆ ಹುಟ್ಟಿದಾಗಿನಿಂದ ಹುಳದ ಜೊತೆ ಬೆಳೆದವಳಲ್ಲ. ಹುಳ ಪೊರೆ ಬಿಡುವ ಮೊದಲು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದಲ್ಲ, ನಾವು ಅದನ್ನು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು, ಕದಲಿಸಬಾರದು. ಮುಟ್ಟಿದರೆ ಕೆಟ್ಟುಹೋಗುತ್ತದೆ. ಬಿಟ್ಟರೆ ತಾನಾಗಿ ಏಳುತ್ತದೆ, ಎದ್ದ ಮೇಲೆ ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ಬುದ್ಧಿ ಬಂದಾಗಿನಿಂದ ನಾನು ನೋಡಿಕೊಂಡು ಬಂದಿರುವುದು ಇದನ್ನೇ.

ನೀನು ಅಲ್ಲಾಡದೆ ಮಲಗಿದೆ, ಊಟ ಬಿಟ್ಟೆ. ನನಗೆ ಬೇರೇನೂ ಹೊಳೆಯಲಿಲ್ಲ. ಜ್ವರಕ್ಕೆ ಕೂತಿದ್ದಾಳೆ, ತಾನೇ ಏಳ್ತಾಳೆ ಅಂದುಕೊಂಡೆ. ನಿನಗೆ ಸದ್ದಾಗುತ್ತದೆ ಅಂತ ಮಿಕ್ಸಿ ಹಾಕಲಿಲ್ಲ, ಚಟ್ನಿಯನ್ನು ಕಲ್ಲಿನಲ್ಲೇ ಅರೆದೆ. ನಿನ್ನ ಮಾವನಿಗೆ ಟಿವಿ ಹಾಕಲು ಬಿಡಲಿಲ್ಲ. ಮಗನನ್ನು ನಡುಮನೆಗೆ ಓಡಿಸಿದ್ದೂ ನಾನೇ, ಅವನು ಒಪ್ಪಿರಲಿಲ್ಲ. ದಿನಾ ಬಾಗಿಲ ಹೊರಗೆ ಕೂತು ನಿನ್ನ ಉಸಿರಾಟ ಕೇಳಿಸಿಕೊಂಡು, ಇದ್ದಾಳೆ ಅಂತ ಸಮಾಧಾನ ಮಾಡಿಕೊಂಡು ಎದ್ದು ಹೋಗುತ್ತಿದ್ದೆ. ಒಳಗೆ ನೀನು ಅಸಹ್ಯ ಅಂದುಕೊಳ್ಳುತ್ತಿದ್ದೆ.

ನೀನೆಂದರೆ ನನಗೆ ಪ್ರಾಣ ಕಣಮ್ಮ. ಎದುರಿಗೆ ಹೇಳಲು ನಾಚಿಕೆ. ಕಾಗದದಲ್ಲಿ ಹೇಳುತ್ತಿದ್ದೇನೆ. ಮುನೇಶ ದಾರಿಯಲ್ಲಿ ತೆಗೆದು ಓದದಿರಲಿ ಅಂತ ಅಂಟು ಹಾಕಿದ್ದೇನೆ.

ನಿನ್ನ ಅತ್ತೆ

*

ಶ್ರೀನಿವಾಸಪುರ
25 ಆಗಸ್ಟ್ 2024

ಅತ್ತೆ,

ಚಟ್ನಿ ಕಲ್ಲಿನಲ್ಲಿ ಅರೆದೆ ಅಂತ ಓದಿ ನಕ್ಕೆ. ಅಮ್ಮ ಅಡುಗೆಮನೆಯಿಂದ ಓಡಿಬಂದಳು, ಏನಾಯಿತೋ ಅಂತ. ನಕ್ಕೂ ನಕ್ಕೂ ಅಳು ಬಂತು. ಆಮೇಲೆ ಬಾಗಿಲ ಹೊರಗೆ ನೀವು ಕೂತಿದ್ದದ್ದನ್ನೇ ನೆನೆಸಿಕೊಂಡು ಮಲಗಿದೆ. ಒಂದು ಬಾಗಿಲು, ಈ ಕಡೆ ನಾನು, ಆ ಕಡೆ ನೀವು. ಎಷ್ಟು ಹತ್ತಿರ ಇದ್ದೆವು!

ಆದರೆ ನಾನು ಹುಳ ಅಲ್ಲ ಅತ್ತೆ. ಮನೆ ಸದ್ದಿಲ್ಲದಂತಾದಷ್ಟೂ ನನ್ನೊಳಗಿನ ಸದ್ದು ಜಾಸ್ತಿಯಾಗುತ್ತಿತ್ತು. ನೀನು ಯಾತಕ್ಕೂ ಬರಲ್ಲ, ಎಲ್ಲರಿಗೂ ಭಾರ ಅಂತ ಅದೇ ಮಾತು. ಮಿಕ್ಸಿ ಹಾಕಿದ್ದರೆ ಅದಾದರೂ ಸ್ವಲ್ಪ ಮುಚ್ಚಿಹೋಗುತ್ತಿತ್ತು. ಇನ್ನು ಮೇಲೆ ಹೀಗಾದರೆ ಮಿಕ್ಸಿ ಹಾಕಿ, ಟಿವಿ ಹಾಕಿ, ಬಂದು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿ.

ಮಾತಾಡಿ ಹೇಗೆ ವಾಸಿ ಮಾಡುತ್ತಾರೆ ಅಂತ ಕೇಳಿದ್ದಿರಿ. ನನಗೂ ಪೂರ್ತಿ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಪದ್ಮಶ್ರೀ ಮೇಡಂ ಅಂತ ಆಪ್ತಸಮಾಲೋಚಕಿ ಇದ್ದಾರೆ. ಮೊದಲ ಸಲ ನಾನು ಬರೀ ಗೋಡೆ ನೋಡಿಕೊಂಡು ಕೂತಿದ್ದೆ. ಅವರೂ ಸುಮ್ಮನೆ ಕೂತರು, ಗಡಿಯಾರ ನೋಡಲಿಲ್ಲ. ಎರಡನೇ ಸಲ ಆ ಜಾಕೆಟ್ಟಿನ ವಿಷಯ ಹೇಳಿದೆ. ಹೇಳುವಾಗ ತಾನಾಗಿ ತೆಲುಗಿಗೆ ಹೊರಳಿದ್ದೆ, ಅವರೂ ತೆಲುಗಿನಲ್ಲೇ ಕೇಳಿದರು. ಹೊರಗೆ ಬಂದಾಗ ಎದೆ ಮೇಲಿನ ಕಲ್ಲು ಹೋಗಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿತ್ತು.

ದಿನಾ ಒಂದೇ ಹೊತ್ತಿಗೆ ಏಳಬೇಕು, ಬಿಸಿಲಿಗೆ ಹೋಗಬೇಕು, ನಡೆಯಬೇಕು, ರಾತ್ರಿ ಫೋನನ್ನು ಅಮ್ಮನ ಹತ್ತಿರ ಕೊಟ್ಟು ಮಲಗಬೇಕು ಎಂದಿದ್ದಾರೆ. ಕೇಳಲು ಎಷ್ಟು ಸುಲಭ! ಎದ್ದು ಕೂರುವುದೇ ದೊಡ್ಡ ಕೆಲಸ. ಅಮ್ಮನ ಮಂಡಿ ನೋವಿಗೂ ನನ್ನ ಮನಸ್ಸಿಗೂ ಸರಿಯಾದ ಜೋಡಿ. ಇಬ್ಬರೂ ಹಿಂದಿನ ತೋಪಿನಲ್ಲಿ ಆಮೆ ಹಾಗೆ ನಡೆಯುತ್ತೇವೆ. ಅಮ್ಮ ಪ್ರತಿ ಮರಕ್ಕೂ ಒಂದು ದೂರು ಹೇಳುತ್ತಾಳೆ.

ಮನೆಯವರನ್ನು ಒಂದು ಸಲ ಕರೆತರಲು ಮೇಡಂ ಹೇಳಿದ್ದಾರೆ. ಬರುತ್ತೀರಾ? ಮತ್ತೆ ಒಂದು ಮಾತು. ಯಾವಾಗ ಬರುತ್ತೀಯ ಅಂತ ಮಾತ್ರ ಕೇಳಬೇಡಿ. ಚೆನ್ನಾದ ಮೇಲೆ ಬರುತ್ತೇನೆ. ಹೀಗೇ ಬಂದು ಇನ್ನೊಂದು ಸಲ ನಿಮ್ಮ ಮನೆಯನ್ನು ಕತ್ತಲು ಮಾಡಲಾರೆ.

ನಿಮ್ಮ,
ಧನಶ್ರೀ

*

ಆವನಿ
15 ಸೆಪ್ಟೆಂಬರ್ 2024

ಧನಶ್ರೀ,

ಕೋಲಾರದಲ್ಲಿ ನಿನ್ನನ್ನು ನೋಡಿ ಬಂದ ಮೇಲೆ ಹೊಟ್ಟೆ ತಣ್ಣಗಾಗಿದೆ. ಸಣ್ಣಗಾಗಿದ್ದೀಯ, ಆದರೆ ಜಡೆ ಹಾಕಿದ್ದೆ. ನಾನು ಮೊದಲು ನೋಡಿದ್ದೇ ಅದನ್ನು.

ನಿನ್ನ ಮೇಡಂ ನನ್ನನ್ನು ಒಬ್ಬಳನ್ನೇ ಒಳಗೆ ಕರೆದಾಗ, ಇವರೇನು ನನಗೆ ಪಾಠ ಹೇಳುವುದು ಅಂತ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹೋದೆ. ಅವರು ಪಾಠ ಹೇಳಲೇ ಇಲ್ಲ. ಹುಳದ ವಿಷಯ ಕೇಳಿದರು. ನಾನು ಚಾಕಿಯ ಎಳೆ ಹುಳದಿಂದ ಹಿಡಿದು ಗೂಡಿನವರೆಗೂ ಒದರಿದೆ. ಹೊರಗೆ ಕೂತವರೆಲ್ಲ ಕಾಯುತ್ತಿದ್ದರು. ಎಲ್ಲ ಕೇಳಿ ಆದ ಮೇಲೆ "ಅಮ್ಮಾ, ನೀವು ತುಂಬಾ ಚೆನ್ನಾಗಿ ನೋಡ್ಕೊಂಡಿದೀರಿ. ಅವಳಿಗೆ ಅದು ಗೊತ್ತಾಗ್ಲಿಲ್ಲ ಅಷ್ಟೆ. ಗೊತ್ತಾಗೋ ಥರ ಮಾಡೋಣ" ಅಂದರು.

ಗಟ್ಟಿ ಮನಸ್ಸು ಮಾಡ್ಕೋ ಅನ್ನಬಾರದಂತೆ. ದೇವರ ಮೇಲೆ ಭಾರ ಹಾಕು ಅಂತ ಹೇಳಿ ಎದ್ದು ಹೋಗಬಾರದಂತೆ. ಪಕ್ಕದ ಮನೆಯವಳ ಕಷ್ಟ ನಿನಗಿಂತ ದೊಡ್ಡದು ಅನ್ನಬಾರದಂತೆ. ಹಾಗಾದರೆ ನಾವು ಇಷ್ಟು ವರ್ಷ ಆಡಿದ ಮಾತೆಲ್ಲ ಮುಗಿದೇ ಹೋಯಿತಲ್ಲ ಅಂದೆ. ನಕ್ಕರು. ಹೇಗಿದೀಯ ಅಂತ ಕೇಳಿ, ಉತ್ತರ ಬರುವವರೆಗೂ ಅಲ್ಲೇ ಇರಬೇಕಂತೆ.

ಮನೆಗೆ ಬಂದು ನಿನ್ನ ಮಾವನ ಮೇಲೆ ಪ್ರಯೋಗ ಮಾಡಿದೆ. ಪಕ್ಕದಲ್ಲಿ ಕೂತು "ಇವತ್ತು ಮನಸ್ಸು ಹೆಂಗಿದೆ" ಅಂದೆ. ಬೀಡಿ ಕೆಳಗೆ ಹಾಕಿ "ಯಾಕೆ, ಯಾರು ಹೋದ್ರು?" ಅಂದರು.

ಇನ್ನೊಂದು ಸಂಗತಿ. ಚಿಕ್ಕಗಂಗಮ್ಮನಿಗೆ ನಿಜ ಹೇಳಿಬಿಟ್ಟೆ. ಸೊಸೆಗೆ ಮನಸ್ಸಿನ ಕಾಯಿಲೆ, ಔಷಧಿ ತಗೊಳ್ತಿದಾಳೆ, ಯಾವ ಆಷಾಢವೂ ಇಲ್ಲ ಅಂದೆ. ಬೀದಿಗೆಲ್ಲ ಸಾರುತ್ತಾಳೆ ಅಂದುಕೊಂಡಿದ್ದೆ. ಅವಳು ಸೊಪ್ಪಿನ ಕಡ್ಡಿ ಮುರಿಯುತ್ತಾ ಕೂತಿದ್ದಳು. ಆಮೇಲೆ "ವೆಂಕಟ್ ಹುಟ್ಟಿದಾಗ ನಂಗೂ ಹಂಗೇ ಆಗಿತ್ತಕ್ಕಾ. ಮಗೂನ ಎತ್ಕೊಳಕ್ಕೂ ಮನಸ್ಸು ಬರ್ತಿರ್ಲಿಲ್ಲ. ಎವರಿಕಿ ಚೆಪ್ಪೇದಿ?" ಅಂದಳು. ಯಾರಿಗೆ ಹೇಳೋದು ಅಂತ ಕೇಳಿದಳು ಧನಶ್ರೀ, ನನ್ನ ಒಡಹುಟ್ಟಿದವಳು, ಎದುರು ಮನೆಯವಳು. ಆ ವೆಂಕಟ್‌ಗೆ ಈಗ ಮೀಸೆ ಬಂದಿದೆ. ಇಷ್ಟು ವರ್ಷ ನಾವು ಮಾತಾಡಿದ್ದು ಬರೀ ಸಾರು, ಸೊಪ್ಪು, ಅವರಿವರ ಮನೆ ವಿಷಯ.

ಯಾವಾಗ ಬರುತ್ತೀಯ ಅಂತ ನಾನು ಕೇಳುತ್ತಿಲ್ಲ, ನೋಡು. ಎಷ್ಟು ಕಷ್ಟಪಟ್ಟು ಕೇಳುತ್ತಿಲ್ಲ ಅಂತ ನಿನಗೆ ಗೊತ್ತಿರಲಿ.

ನಿನ್ನ ಅತ್ತೆ,
ದೊಡ್ಡಗಂಗಮ್ಮ

*

ಶ್ರೀನಿವಾಸಪುರ
20 ಅಕ್ಟೋಬರ್ 2024

ಅತ್ತೆ,

ಇವರು ಹೊರಗೆ ಅಮ್ಮನ ಜೊತೆ ಕಾಫಿ ಕುಡಿಯುತ್ತಿದ್ದಾರೆ. ಬೇಗ ಬರೆಯುತ್ತೇನೆ.

ನಾನು ಮಾತ್ರೆ ನಿಲ್ಲಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಹಬ್ಬದ ಹೊತ್ತಿಗೆ ಎಷ್ಟು ಚೆನ್ನಾಗಿದ್ದೆ ಅಂದರೆ, ಇನ್ನು ಇದೆಲ್ಲ ಯಾಕೆ ಅನ್ನಿಸಿತು. ನಿಮ್ಮ ಮನೆಗೆ ಬರೋಣ ಅಂತ ಸೀರೆಗಳನ್ನು ಬ್ಯಾಗಿಗೂ ಹಾಕಿದ್ದೆ, ನಿಮಗೆ ಹೇಳದೆ ಬಂದು ನಿಲ್ಲಬೇಕು ಅಂತ ಆಸೆ. ಆಮೇಲೆ ಎಲ್ಲ ವಾಪಸ್ಸು ಬಂತು. ಈ ವಾರ ತೋಪಿಗೂ ಹೋಗಿಲ್ಲ, ಸ್ನಾನವೂ ಇಲ್ಲ. ಅಮ್ಮನಿಗೆ ತಲೆನೋವು ಅಂತ ಸುಳ್ಳು ಹೇಳಿದ್ದೇನೆ.

ಬೆಳಗಾಗದಿದ್ದರೆ ಸಾಕು ಅನ್ನಿಸುತ್ತಿದೆ. ನಾನು ಇಲ್ಲದಿದ್ದರೆ ನಿಮಗೆಲ್ಲ ಹಗುರವಾಗುತ್ತದೆ ಅನ್ನಿಸುತ್ತಿದೆ. ಹೀಗೆ ಅನ್ನಿಸಿದರೆ ಒಬ್ಬರಿಗಾದರೂ ತಕ್ಷಣ ಹೇಳಬೇಕು ಅಂತ ಪದ್ಮಶ್ರೀ ಮೇಡಂ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅವರಿಗೆ ಫೋನ್ ಮಾಡಲು ಕೈ ಬರುತ್ತಿಲ್ಲ. ಅಮ್ಮ ಹೆದರುತ್ತಾಳೆ, ಇವರು ಅಳುತ್ತಾರೆ. ನಿಮಗೆ ಹೇಳುತ್ತಿದ್ದೇನೆ.

ಧನಶ್ರೀ

*

ಆವನಿ
3 ನವೆಂಬರ್ 2024

ಧನಶ್ರೀ,

ಅವತ್ತು ನಿನ್ನ ಕಾಗದ ಓದಿ ಉಟ್ಟ ಸೀರೆಯಲ್ಲೇ ಮುನೇಶನ ಬೈಕು ಹತ್ತಿ ನಿಮ್ಮೂರಿಗೆ ಬಂದವಳು, ಮೊನ್ನೆ ಅದೇ ಸೀರೆಯಲ್ಲಿ ಇಲ್ಲಿ ಬಂದು ಇಳಿದೆ. ನಡುವೆ ಉಟ್ಟಿದ್ದೆಲ್ಲ ಭಾರತಮ್ಮನದು. ಬೀಗಿತ್ತಿಯ ಸೀರೆ ಉಟ್ಟು ಬೀಗಿತ್ತಿಯ ಮನೆಯಲ್ಲೇ ಉಂಡೆ, ಇನ್ನು ನಾವಿಬ್ಬರೂ ಜಗಳ ಆಡುವಂತಿಲ್ಲ.

ಕೋಲಾರಕ್ಕೆ ಹೋಗಿದ್ದು, ಡಾಕ್ಟರು ಮಾತ್ರೆ ಮತ್ತೆ ಶುರುಮಾಡಿದ್ದು, ನಾವೆಲ್ಲ ಕೇಳಿಸಿಕೊಂಡದ್ದು, ಅದನ್ನೆಲ್ಲ ಬರೆಯುವುದಿಲ್ಲ. ಇಬ್ಬರಿಗೂ ಗೊತ್ತು. ಆದರೆ ತೋಪಿನಲ್ಲಿ ಮಾವಿನ ಮರದ ಕೆಳಗೆ ನೀನು ಆ ಮಾತೆಲ್ಲ ಹೇಳಿದಾಗ, ಮಧ್ಯೆ ಬಾಯಿ ಹಾಕದಿರಲು ನಾನು ಪಟ್ಟ ಪಾಡು ಮಾತ್ರ ನಿನಗೆ ಗೊತ್ತಿಲ್ಲ. ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡಿದ್ದೆ, ಮಾತು ಹೊರಗೆ ಬರದಿರಲಿ ಅಂತ. ಅತ್ತೆ ಆರಾಮವಾಗಿ ಎಲೆ ಅಡಿಕೆ ಜಗಿಯುತ್ತಿದ್ದಾಳೆ ಅಂದುಕೊಂಡೆಯೇನೋ. ನೀನು ಇಲ್ಲದಿದ್ದರೆ ನನಗೆ ಹಗುರವಾಗುತ್ತದೆ ಅಂತ ಹೇಗೆ ಅನ್ನಿಸಿತು ನಿನಗೆ? ಅದು ಕಾಯಿಲೆಯ ಮಾತು ಅಂತ ಮೇಡಂ ಹೇಳಿದ್ದಾರೆ, ಆದ್ದರಿಂದ ನಿನಗೆ ಬೈಯುವುದಿಲ್ಲ. ಆ ಕಾಯಿಲೆಗೆ ಬೈಯುತ್ತೇನೆ, ಅದು ಹಾಳಾಗಿಹೋಗಲಿ.

ಬೆಳೆ ಅರ್ಧ ಹೋಯಿತು. ಹುಳ ಚೆನ್ನಾಗಿ ಸೊಪ್ಪು ತಿನ್ನುವ ಹೊತ್ತಿಗೆ ಬಿಟ್ಟು ಬಂದಿದ್ದೆನಲ್ಲ. ಮಳೆಯಲ್ಲಿ ನೆಂದ ಸೊಪ್ಪನ್ನೇ ಚಿಕ್ಕಗಂಗಮ್ಮ ಗಾಬರಿಯಲ್ಲಿ ಹಾಕಿದ್ದಾಳೆ. ಅತ್ತುಕೊಂಡು ಬಂದು ಹೇಳಿದಳು. ಹೋದರೆ ಹೋಗಲಿ ಬಿಡು ಅಂದೆ. ನಾನು ಆ ಮಾತು ಅಂದಿದ್ದು ನೋಡಿ ನನಗೂ ಮೈ ಸರಿಯಿಲ್ಲವೇನೋ ಅಂತ ನಿನ್ನ ಮಾವ ಹಣೆ ಮುಟ್ಟಿ ನೋಡಿದರು.

ಚೆನ್ನಾದ ಮೇಲೆ ಬರುತ್ತೇನೆ ಅಂತ ನೀನು ಬರೆದಿದ್ದೆಯಲ್ಲ, ಆ ಒಂದು ಮಾತು ನನಗೆ ಹಿಡಿಸಿಲ್ಲ. ಚೆನ್ನಾಗಿರುವವರು ಮಾತ್ರ ಈ ಮನೆಯಲ್ಲಿರಬೇಕು ಅಂದರೆ ಮೊದಲು ನಿನ್ನ ಮಾವನನ್ನು, ಆಮೇಲೆ ನನ್ನನ್ನು ಹೊರಗೆ ಹಾಕಬೇಕಾಗುತ್ತದೆ. ಹುಷಾರಿಲ್ಲದಿದ್ದರೂ ಇರುವುದಕ್ಕೇ ತಾನೇ ಮನೆ ಅಂತ ಇರುವುದು? ನಾನು ಕರೆಯುತ್ತಿಲ್ಲ. ಹೇಳುತ್ತಿದ್ದೇನೆ ಅಷ್ಟೆ.

ನಿನ್ನ ಅತ್ತೆ

*

ಶ್ರೀನಿವಾಸಪುರ ಬಸ್ ಸ್ಟ್ಯಾಂಡು
19 ನವೆಂಬರ್ 2024, ಮಂಗಳವಾರ

ಅತ್ತೆ,

ಮುಳಬಾಗಿಲ ಬಸ್ಸಿಗೆ ಇನ್ನೂ ಹೊತ್ತಿದೆ. ಮಡಿಲ ಮೇಲೆ ಬ್ಯಾಗಿಟ್ಟುಕೊಂಡು ಅದರ ಮೇಲೆ ಬರೆಯುತ್ತಿದ್ದೇನೆ.

ಮಂಗಳವಾರ ಹೆಣ್ಣುಮಗಳು ತವರಿನಿಂದ ಹೊರಡಬಾರದು ಅಂತ ಅಮ್ಮನದು ಬೆಳಗ್ಗೆಯಿಂದ ಜಗಳ. ನಾಳೆ ಹೋಗು, ಭಾನುವಾರ ಅಳಿಯಂದಿರು ಬಂದು ಕರಕೊಂಡು ಹೋಗಲಿ ಅಂದಳು. ಕೊನೆಗೆ ಮಡಿಲು ತುಂಬಿ, ಕಣ್ಣು ಒರೆಸಿಕೊಂಡು ಬಾಗಿಲವರೆಗೆ ಬಂದಳು. ಅಮ್ಮ ಹೇಳುವ ಭಾನುವಾರಕ್ಕೆ ಕಾದರೆ ಆ ಭಾನುವಾರ ನಾನು ಚೆನ್ನಾಗಿರುತ್ತೇನೋ ಏನೋ. ಚೆನ್ನಾಗಿರುವ ದಿನಕ್ಕೆ ಕಾಯುತ್ತಲೇ ಇದ್ದೆ. ಹೋದ ವಾರ ನಾಲ್ಕೈದು ದಿನ ಚೆನ್ನಾಗಿತ್ತು, ಹೊರಡಲು ಧೈರ್ಯ ಬರಲಿಲ್ಲ. ಅಲ್ಲಿಗೆ ಹೋದ ಮೇಲೆ ಕೆಟ್ಟರೆ ಅಂತ ಭಯ.

ಹಾಗೆ ಕೆಟ್ಟರೂ ನನ್ನ ಹತ್ತಿರ ಮಾತ್ರೆ ಇದೆ, ಮೇಡಂ ನಂಬರ್ ಇದೆ. ಬೆಳಗ್ಗೆ ನಡೆಯಲು ನಿಮ್ಮ ಹಿಪ್ಪುನೇರಳೆ ತೋಟ ಸಾಕು. ಇವರಿಗೆ ಹೇಳಿಲ್ಲ. ಸಂಜೆ ಕಂಪನಿಯಿಂದ ಬಂದಾಗ ನೋಡಲಿ.

ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಲು ಆಗುವುದಿಲ್ಲ, ಅಳು ಬರುತ್ತದೆ. ನೀವು ಓದಿ ಮುಗಿಸುವವರೆಗೆ ಜಗಲಿ ಹತ್ತಿರ ನಿಂತಿರುತ್ತೇನೆ. ನನ್ನ ಮುಖ ನೋಡಿ ಗಾಬರಿಯಾಗಬೇಡಿ, ಬೆಳಗ್ಗೆ ತಿಂಡಿ ಸೇರಲಿಲ್ಲ, ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಇವತ್ತು ನಾನು ಚೆನ್ನಾಗಿಲ್ಲ ಅತ್ತೆ. ಅದಕ್ಕೇ ಮನೆಗೆ ಬಂದಿದ್ದೇನೆ.

ನಿಮ್ಮ,
ಧನಶ್ರೀ